ಮಿಚೆಲ್ ಕವರ್ ಹೊದ್ದ ಎಂ1 ಹೆಲ್ಮೆಟ್: ಕವರ್ ಬಿಚ್ಚಿಸಿ ನೋಡಿ, ಆಮೇಲೆ ಬೆಲೆ ಮಾತಾಡಿ

ಹಳೆಯ ಸೇನಾ ಹೆಲ್ಮೆಟ್ ಸಂಗ್ರಹಕ್ಕೆ ಇಳಿಯುವವರು ಮೊದಲು ಕೊಳ್ಳಬೇಕಾದದ್ದು ವಿಯೆಟ್ನಾಂ ಕಾಲದ ಅಮೆರಿಕನ್ ಎಂ1. ಅದಕ್ಕೆ ಮಿಚೆಲ್ ಮಾದರಿಯ, ಅಂದರೆ ಒಂದು ಮುಖ ಹಸಿರು ಎಲೆಗಳ, ಇನ್ನೊಂದು ಮುಖ ಕಂದು ಮೋಡಗಳ ಚಿತ್ತಾರದ, ಬಟ್ಟೆಯ ಕ್ಯಾಮೊಫ್ಲಾಜ್ ಕವರ್ ಇರಬೇಕು. ಎರಡನೇ ಮಹಾಯುದ್ಧದ ಜರ್ಮನ್ ಹೆಲ್ಮೆಟ್‌ಗಳ ಬಟ್ಟೆ ಕವರ್‌ಗಳಲ್ಲಿ ನಕಲಿಯ ಹಾವಳಿ ಎಷ್ಟಿದೆಯೆಂದರೆ ಪಳಗಿದವರೂ ಕೈ ಸುಟ್ಟುಕೊಳ್ಳುತ್ತಾರೆ. ಅದೇ ಯುದ್ಧದಲ್ಲಿ ಅಮೆರಿಕನ್ ಮರೀನ್‌ಗಳು ಬಳಸಿದ, ಕಪ್ಪೆಚರ್ಮದಂಥ ಮಚ್ಚೆಗಳ ‘ಫ್ರಾಗ್‌ಸ್ಕಿನ್’ ಕವರ್ ಚೆಂದವಾದದ್ದು, ಆದರೆ ಕಲಿಯುವ ಹಂತದಲ್ಲಿ ಅಷ್ಟು ದುಡ್ಡು ಹಾಕುವುದು ಸರಿಯಲ್ಲ. ಮಿಚೆಲ್ ಕವರ್ ಇನ್ನೂ ಧಾರಾಳವಾಗಿ ಸಿಗುತ್ತದೆ. ಒಳಮಡಿಕೆಯಲ್ಲಿ ಗುತ್ತಿಗೆ ಸಂಖ್ಯೆಯ ಮುದ್ರೆ ಇರುವುದರಿಂದ ಕಾಲವನ್ನು ನಾವೇ ಓದಿಕೊಳ್ಳಬಹುದು.

ತೊಂದರೆ ಇರುವುದೂ ಆ ಕವರ್‌ನಲ್ಲೇ. ಮೇಲೆ ಬಟ್ಟೆ ಬಿಗಿದಿದ್ದರೆ ಕೆಳಗಿನ ಉಕ್ಕು ಬಿರುಕು ಬಿಟ್ಟಿದೆಯೋ, ತುಕ್ಕು ತಿಂದಿದೆಯೋ, ಅದು ಅಮೆರಿಕದ್ದೇ ಹೌದೋ ಅಲ್ಲವೋ ಒಂದೂ ಕಾಣುವುದಿಲ್ಲ. ‘ಕವರ್ ಬಿಚ್ಚಿದರೆ ಹರಿಯುತ್ತದೆ’ ಎಂದು ಮಾರುವವರು ಹೇಳಿದರೆ ಅಲ್ಲಿಗೆ ವ್ಯವಹಾರ ನಿಲ್ಲಿಸಿ. ಸರಿಯಾಗಿ ಬಿಚ್ಚಿದರೆ ಹರಿಯುವುದಿಲ್ಲ. ಹಾಗೆ ಮುಟ್ಟಿದರೇ ಹರಿಯುವಷ್ಟು ಜೀರ್ಣವಾದ ಬಟ್ಟೆಗೆ ಪೂರ್ತಿ ಬೆಲೆ ಕೊಡಬೇಕಾಗಿಯೂ ಇಲ್ಲ.

ಇದು ಒಂದೇ ವಸ್ತುವಲ್ಲ, ನಾಲ್ಕು ಬಿಡಿ ವಸ್ತುಗಳು: ಹೊರಗಿನ ಉಕ್ಕಿನ ಶೆಲ್, ಒಳಗಿನ ಲೈನರ್, ಬಟ್ಟೆಯ ಕವರ್, ಅದರ ಮೇಲಿನ ಎಲಾಸ್ಟಿಕ್ ಪಟ್ಟಿ. ಸೇನೆಯಲ್ಲೇ ಇವು ಅದಲುಬದಲಾಗುತ್ತಿದ್ದವು. ಲೈನರ್ ಒಡೆದರೆ ಇನ್ನೊಂದು, ಕವರ್ ಹರಿದರೆ ಮತ್ತೊಂದು. ಆದ್ದರಿಂದ ನಾಲ್ಕಕ್ಕೂ ಬೇರೆಬೇರೆ ಬೆಲೆ ಕಟ್ಟಿ ಕೂಡಿಸಿ ನೋಡಿ. ಹೇಳಿದ ಬೆಲೆ ಆ ಮೊತ್ತಕ್ಕಿಂತ ತುಂಬಾ ಹೆಚ್ಚಿದ್ದರೆ ನೀವು ಕೊಳ್ಳುತ್ತಿರುವುದು ಕಥೆಯನ್ನು.

ಶೆಲ್‌ನಿಂದ ಶುರುಮಾಡೋಣ. ಎಂ1 ಸೇನೆಗೆ ಸೇರಿದ್ದು 1941ರಲ್ಲಿ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಸುಮಾರು 2 ಕೋಟಿ 20 ಲಕ್ಷ ಶೆಲ್‌ಗಳು ತಯಾರಾಗಿದ್ದವು. ಹೆಚ್ಚಿನವು ಡೆಟ್ರಾಯಿಟ್‌ನ ಮೆಕಾರ್ಡ್ ರೇಡಿಯೇಟರ್ ಕಂಪನಿಯವು, ಉಳಿದವು ಸೇಂಟ್ ಲೂಯಿಸ್‌ನ ಷ್ಲೂಟರ್ ಕಂಪನಿಯವು. ಉಕ್ಕು ಹ್ಯಾಡ್‌ಫೀಲ್ಡ್ ಜಾತಿಯದು, ಅದರಲ್ಲಿ ನೂರಕ್ಕೆ 12-13 ಪಾಲು ಮ್ಯಾಂಗನೀಸ್. ದಪ್ಪ ಸುಮಾರು 1 ಮಿಲಿಮೀಟರ್, ಶೆಲ್ಲಿನ ತೂಕ ಹೆಚ್ಚುಕಡಿಮೆ 1 ಕಿಲೋ, ಲೈನರ್ ಸೇರಿದರೆ 1.3 ಕಿಲೋದ ಆಸುಪಾಸು. ಈ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಜೇಬಿನಲ್ಲಿ ಸಣ್ಣ ಅಯಸ್ಕಾಂತವೊಂದು ಇಟ್ಟುಕೊಂಡು ಹೋಗಿ. ಅಂಚುಪಟ್ಟಿ ಬೇರೆ ಲೋಹದ್ದಿರಬಹುದು, ಗಲ್ಲಪಟ್ಟಿ ಸಿಕ್ಕಿಸುವ ಲೋಹದ ಕೊಂಡಿಗಳಾದ ಬೇಲ್‌ಗಳೂ ಬೇರೆ, ಹಾಗಾಗಿ ಅಲ್ಲಿ ಬೇಡ. ಬುರುಡೆಯ ನೆತ್ತಿಯಲ್ಲೂ ಎರಡು ಪಕ್ಕಗಳಲ್ಲೂ ಇಟ್ಟು ನೋಡಿ. ಟಕ್ ಎಂದು ಗಟ್ಟಿಯಾಗಿ ಅಂಟಿದರೆ ಅದು ಅಮೆರಿಕನ್ ಶೆಲ್ ಅಲ್ಲವೆಂದೇ ಅನುಮಾನಿಸಿ. ಯುದ್ಧದ ನಂತರ ಬೆಲ್ಜಿಯಂ, ಪಶ್ಚಿಮ ಜರ್ಮನಿ, ಆಸ್ಟ್ರಿಯಾ, ನೆದರ್ಲೆಂಡ್ಸ್ ಎಲ್ಲವೂ ಎಂ1ರ ಆಕಾರವನ್ನೇ ಅನುಸರಿಸಿ ತಮ್ಮ ಹೆಲ್ಮೆಟ್ ಮಾಡಿಕೊಂಡವು. ಅವು ಅಗ್ಗ. ಅವಕ್ಕೆ ಮಿಚೆಲ್ ಕವರ್ ಹಾಕಿ ‘ವಿಯೆಟ್ನಾಂ’ ಎಂದು ಮಾರುವುದು ಈ ಸಂತೆಯ ಅತಿ ಸಾಮಾನ್ಯ ಮೋಸ. ಅಯಸ್ಕಾಂತ ಅಂಟಲಿಲ್ಲ ಎಂದಮಾತ್ರಕ್ಕೆ ಅಸಲಿ ಎಂದು ತೀರ್ಮಾನಿಸಲೂ ಬೇಡಿ. ಅದು ಮೊದಲ ಜರಡಿ ಅಷ್ಟೇ.

ಎರಡನೇ ಜರಡಿ ಹೀಟ್ ಸ್ಟ್ಯಾಂಪ್, ಅಂದರೆ ಉಕ್ಕು ಯಾವ ಕರಗಿಸುವಿಕೆಯದೆಂದು ತೋರಿಸುವ ಅಚ್ಚುಗುರುತು. ಶೆಲ್ ಮಗುಚಿ, ಮುಂದಿನ ಅಂಚಿನ ಒಳಬದಿಯನ್ನು ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ ಉಕ್ಕಿಗೆ ಕೊರೆದ ಅಂಕಿಗಳೂ ಒಂದು ಅಕ್ಷರವೂ ಕಾಣುತ್ತವೆ. ಯುದ್ಧಕಾಲದ ಷ್ಲೂಟರ್ ಆಗಿದ್ದರೆ ಎಸ್ ಅಕ್ಷರ ಜೊತೆಗಿರುತ್ತದೆ. ಬಣ್ಣ ದಪ್ಪವಾಗಿ ಕೂತಿದ್ದರೆ ಬೆರಳ ತುದಿಗೆ ತಟ್ಟುತ್ತದೆ, ಇಲ್ಲವೇ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಮೂಡುತ್ತದೆ. ಬಣ್ಣ ಕೆರೆದು ನೋಡುವ ದಡ್ಡತನ ಮಾತ್ರ ಬೇಡ.

ಮುಂದೆ ಅಂಚುಪಟ್ಟಿಯ ಸೇರುವೆ. ಅದರ ಎರಡು ತುದಿಗಳು ಮುಂದೆ, ಹಣೆಯ ನಡುವೆ ಕೂಡಿದ್ದರೆ 1944ರ ಕೊನೆಗಿಂತ ಮುಂಚಿನದು. ಹಿಂದೆ ಕೂಡಿದ್ದರೆ ಆಮೇಲಿನದು. ಗಲ್ಲಪಟ್ಟಿ ಸಿಕ್ಕಿಸುವ ಬೇಲ್‌ಗಳು ಅಲುಗದ ಹಾಗೆ ಬೆಸುಗೆಯಾಗಿದ್ದರೆ ಮೊದಮೊದಲಿನ ಶೆಲ್. ಅವು ಪೆಟ್ಟು ತಿಂದರೆ ಮುರಿದು ಬರುತ್ತಿದ್ದ ಕಾರಣ 1943ರ ಕೊನೆಯ ಭಾಗದಲ್ಲಿ ಅತ್ತಿತ್ತ ಮಡಚುವ ಬೇಲ್ ಬಂತು. ಹೊಸಬರು ಇಲ್ಲೇ ಎಡವುತ್ತಾರೆ. ಮುಂದೆ ಸೇರುವೆಯಿರುವ ಶೆಲ್ ಮೇಲೆ ಮಿಚೆಲ್ ಕವರ್ ಕಂಡರೆ ‘ಕಾಲ ಹೊಂದುವುದಿಲ್ಲ, ಯಾರೋ ಸೇರಿಸಿದ್ದು’ ಎಂದುಬಿಡುತ್ತಾರೆ. ಅದು ತಪ್ಪು. ಎರಡನೇ ಯುದ್ಧದ ಶೆಲ್‌ಗಳನ್ನು ಸೇನೆ ತಿದ್ದಿ, ಹೊಸ ಬಣ್ಣ ಬಳಿದು 1960ರ ದಶಕದಲ್ಲೂ ಕೊಟ್ಟಿತು. ಬಣ್ಣದಲ್ಲಿ ಅದು ಗೊತ್ತಾಗುತ್ತದೆ: ಯುದ್ಧಕಾಲದ ಬಣ್ಣಕ್ಕೆ ಬಿರಡೆಯ (ಕಾರ್ಕ್‌ನ) ಪುಡಿ ಬೆರೆಸಿದ್ದರು, ಮೇಲ್ಮೈ ಉಂಡೆಉಂಡೆಯಾಗಿ ಒರಟು. ನಂತರದ್ದು ಸಣ್ಣ ಮರಳಿನಂಥ ತರಿ, ಬಣ್ಣವೂ ತುಸು ತಿಳಿ. ಹಳೆಯ ಸೇರುವೆ, ಹೊಸ ತರಿ, ಮಿಚೆಲ್ ಕವರ್ ಮೂರೂ ಒಟ್ಟಿಗಿದ್ದರೆ ಸರಿಯಾದ ಜೋಡಿ. ಬಿರಡೆ ಪುಡಿಯ ಮೊದಲ ಬಣ್ಣ ಒಂದಿಷ್ಟೂ ಮಾಸದೆ ಇದ್ದು ಮೇಲೆ ಮಿಚೆಲ್ ಕವರ್ ಇದ್ದರೆ ಆಗ ಪ್ರಶ್ನೆ ಕೇಳಿ.

ಗಲ್ಲಪಟ್ಟಿಯನ್ನು ಬೇಲ್‌ಗೆ ಹೊಲಿದಿದ್ದರೆ ಅದು ಎರಡನೇ ಯುದ್ಧದ ರೀತಿ, ಲೋಹದ ಕ್ಲಿಪ್‌ನಿಂದ ಸಿಕ್ಕಿಸಿದ್ದರೆ ನಂತರದ್ದು. ಬಿರುಕುಗಳನ್ನು ಅಂಚಿನ ಸುತ್ತ ಹುಡುಕಿ. ಈ ಉಕ್ಕನ್ನು ಆಳಕ್ಕೆ ಒತ್ತಿ ಬುರುಡೆ ಮಾಡುವಾಗ ಉಳಿದ ಬಿಗಿತ ವರ್ಷಗಳ ಮೇಲೆ ಅಂಚಿನಿಂದ ಮೇಲಕ್ಕೆ ಕೂದಲೆಳೆಯ ಬಿರುಕಾಗಿ ಏಳುತ್ತದೆ. ಒಂದೆರಡು ಸೆಂಟಿಮೀಟರ್ ಬಿರುಕು ಹಳೆಯ ಶೆಲ್‌ಗಳಲ್ಲಿ ಮಾಮೂಲು, ಅದಕ್ಕೆ ಹೆದರಬೇಕಿಲ್ಲ, ಬೆಲೆ ಇಳಿಸಿ ಕೇಳಿ. ಬೆಸುಗೆ ಹಾಕಿ ಪುಟ್ಟಿ ಬಳಿದು ಮುಚ್ಚಿದ್ದರೆ ಬಿಟ್ಟುಬಿಡಿ.

ಲೈನರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಣೆಯ ನಡುವೆ ಬಿಲ್ಲೆ ಸಿಕ್ಕಿಸುವ ತೂತು ಇದ್ದರೆ ಅದು ಹಳೆಯ ಮಾದರಿ, 1960ರ ದಶಕದ ಲೈನರ್‌ಗಳಲ್ಲಿ ಆ ತೂತು ಇಲ್ಲ. ಯುದ್ಧಕಾಲದವು ರಾಳದಲ್ಲಿ ಅದ್ದಿದ ಹತ್ತಿ ಬಟ್ಟೆಯವು, ಗಟ್ಟಿ ಆದರೆ ಪೆಳಸು. ವೆಸ್ಟಿಂಗ್‌ಹೌಸ್, ಫೈರ್‌ಸ್ಟೋನ್, ಕೆಪ್ಯಾಕ್ ಮುಂತಾದವರ ಗುರುತು ಒಳನೆತ್ತಿಯಲ್ಲಿ ಅಚ್ಚಾಗಿರುತ್ತದೆ. 1960ರ ದಶಕದಲ್ಲಿ ನೈಲಾನ್ ಪದರಗಳ ಲೈನರ್ ಬಂತು. ಮಿಚೆಲ್ ಕವರ್ ಜೊತೆಗೆ ಅದು ಚೆನ್ನಾಗಿ ಹೊಂದುತ್ತದೆ. ಲೈನರ್ ಒಳಗಿನ ಪಟ್ಟಿಗಳಲ್ಲಿ ಬೆವರಿನ ಕಲೆ ಇದ್ದರೆ ಅದೇ ಲಕ್ಷಣ, ತೊಳೆಯಬೇಡಿ. ಒಳಗೆ ಅಮೆರಿಕನ್ ಅಲ್ಲದ ಚರ್ಮದ ಪಟ್ಟಿ, ತಿರುಪುಮೊಳೆಗಳು ಕಂಡರೆ ಯುರೋಪಿನ ಲೈನರ್ ಎಂದು ತಿಳಿಯಿರಿ.

ಈಗ ಕವರ್. ಮಿಚೆಲ್ ಮಾದರಿ ಅಮೆರಿಕನ್ ಸೇನೆಯ ಡೇರೆ ಬಟ್ಟೆಗೆ 1950ರ ದಶಕದಲ್ಲಿ ಬಂದ ಎರಡು ಮುಖದ ಚಿತ್ತಾರ. ಒಂದು ಮುಖ ಹಸಿರು: ಒಂದರ ಮೇಲೊಂದು ಬಿದ್ದ ಎಲೆಗಳು, ನಡುವೆ ಕಡ್ಡಿಗಳು. ಇನ್ನೊಂದು ಕಂದು: ಅಂಚು ಉರುಟಾದ ಮೋಡದಂಥ ತೇಪೆಗಳು. ವಿಯೆಟ್ನಾಂನಲ್ಲಿ ಹೆಚ್ಚಾಗಿ ಹಸಿರೇ ಹೊರಗೆ. ಅರ್ಧಚಂದ್ರದ ಎರಡು ತುಂಡುಗಳನ್ನು ಹಣೆಯಿಂದ ಹಿಂದಲೆಗೆ ಓಡುವ ಒಂದೇ ಹೊಲಿಗೆಯಲ್ಲಿ ಜೋಡಿಸಿದ್ದಾರೆ. ಮೈಮೇಲೆ ಅಂಗಿಯ ಕಾಜದಂಥ ಸೀಳುಗಳಿವೆ. ಸೊಪ್ಪು ಸಿಕ್ಕಿಸಲು ಮಾಡಿದ್ದು. ಕೆಳಗಿನ ಮಡಿಕೆಗಳನ್ನು ಶೆಲ್ಲಿನ ಒಳಕ್ಕೆ ಮಡಚಿ, ಮೇಲಿಂದ ಲೈನರ್ ಒತ್ತಿದರೆ ಅದರ ಬಿಗಿತಕ್ಕೇ ಕವರ್ ನಿಲ್ಲುತ್ತದೆ. ಗುಂಡಿಯಿಲ್ಲ, ಲಾಡಿಯಿಲ್ಲ. ಇಷ್ಟು ಸರಳವಾದ, ಇಷ್ಟು ಬಾಳಿಕೆಯ ಹೊಲಿಗೆ ಕೆಲಸವನ್ನು ಕೈಯಲ್ಲಿ ಹಿಡಿದು ನೋಡುವುದೇ ಒಂದು ಸಂತೋಷ.

ಮುದ್ರೆ ಒಳಮಡಿಕೆಯಲ್ಲಿರುತ್ತದೆ. ಅಲ್ಲಿ ‘ಡಿಎಸ್‌ಎ-100’ ಎಂದು ಶುರುವಾಗುವ ಗುತ್ತಿಗೆ ಸಂಖ್ಯೆ ಓದಲು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಡಿಎಸ್‌ಎ ಎಂಬ ಸರಬರಾಜು ಸಂಸ್ಥೆ ಹುಟ್ಟಿದ್ದು 1961ರಲ್ಲಿ. 1977ರಿಂದ ಅದರ ಹೆಸರು ಡಿಎಲ್‌ಎ. ಮುದ್ರೆಯಲ್ಲಿ ಡಿಎಲ್‌ಎ ಇದ್ದರೆ ಕವರ್ ಅಸಲಿಯೇ ಇರಬಹುದು, ವಿಯೆಟ್ನಾಂನದಂತೂ ಅಲ್ಲ. 100ರ ನಂತರದ ಎರಡಂಕಿ ಗುತ್ತಿಗೆಯ ಆರ್ಥಿಕ ವರ್ಷ. ಆಗ ಅಮೆರಿಕ ಸರ್ಕಾರದ ವರ್ಷ ಜುಲೈ 1ಕ್ಕೆ ಶುರುವಾಗುತ್ತಿತ್ತು, ಹಾಗಾಗಿ 68 ಅಂದರೆ 1967ರ ಜುಲೈನಿಂದ 1968ರ ಜೂನ್. ಗುತ್ತಿಗೆಯಾದ ಮೇಲೆ ಹೊಲಿದು, ಉಗ್ರಾಣ ಸೇರಿ, ಯುದ್ಧಭೂಮಿಗೆ ಹೋಗಲು ಮತ್ತೂ ಸಮಯ ಹಿಡಿಯುತ್ತಿತ್ತು ಎಂಬುದು ನೆನಪಿರಲಿ. ಉಗ್ರಾಣ ಸಂಖ್ಯೆಯೂ ಸುಳಿವು ಕೊಡುತ್ತದೆ: ಉಡುಪಿನ ವರ್ಗವಾದ 8415ರಿಂದ ಶುರುವಾಗಿ ಒಟ್ಟು 11 ಅಂಕಿಗಳಿದ್ದರೆ ಹಳೆಯದು, 13 ಅಂಕಿಗಳಿದ್ದರೆ 1974ರಲ್ಲಿ ಪದ್ಧತಿ ಬದಲಾದ ಮೇಲಿನದು. ಮುದ್ರೆ ಮಾಸಿಹೋಗಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ಕಾಂಟ್ರಾಸ್ಟ್ ಏರಿಸಿ ನೋಡಿ. ಕಣ್ಣಿಗೆ ಕಾಣದ ಅಂಕಿ ಎಷ್ಟೋ ಸಲ ಅಲ್ಲಿ ಎದ್ದು ಬರುತ್ತದೆ.

ಮುದ್ರೆಯೊಂದನ್ನೇ ನಂಬಬೇಡಿ, ಅದನ್ನು ಯಾರೂ ಒತ್ತಬಹುದು. ಮಿಚೆಲ್ ಚಿತ್ತಾರದ ಹಳೆಯ ಡೇರೆ ಬಟ್ಟೆಯನ್ನೇ ಕತ್ತರಿಸಿ ಹೊಸದಾಗಿ ಹೊಲಿದ ಕವರ್‌ಗಳೂ ಇವೆ. ಅಲ್ಲಿ ಬಟ್ಟೆ ಅಸಲಿ, ಕವರ್ ನಕಲಿ. ಆಗ ದಾರವೇ ಸಾಕ್ಷಿ. ಕತ್ತಲಲ್ಲಿ 365 ನ್ಯಾನೊಮೀಟರ್‌ನ ನೇರಳಾತೀತ ಟಾರ್ಚ್ ಬಿಟ್ಟಾಗ ಹೊಲಿಗೆ ದಾರ ಮಾತ್ರ ನೀಲಿಬಿಳಿಯಾಗಿ ಹೊಳೆದರೆ ಈಚಿನ ಪಾಲಿಯೆಸ್ಟರ್ ದಾರವಿರಬಹುದು. ಬಟ್ಟೆಯೂ ದಾರವೂ ಒಟ್ಟಿಗೆ ಮಂಕಾಗಿ ಹೊಳೆದರೆ ಯಾರೋ ಈ ಕಾಲದ ಬಟ್ಟೆ ಸೋಪಿನಲ್ಲಿ ಒಗೆದಿದ್ದಾರೆ ಎಂದರ್ಥ, ಅಸಲಿ ಕವರ್‌ನಲ್ಲೂ ಹಾಗಾಗುತ್ತದೆ. ಈ ಎರಡರ ವ್ಯತ್ಯಾಸ ತಿಳಿಯದೆ ಒಳ್ಳೆಯ ಕವರ್ ಬಿಟ್ಟುಬಂದವರು ಬಹಳ.

ಇನ್ನೂ ಗಟ್ಟಿಯಾದ ಪರೀಕ್ಷೆ ಸವೆತ. ವರ್ಷಗಟ್ಟಲೆ ಹೆಲ್ಮೆಟ್ ಮೇಲಿದ್ದ ಕವರ್ ಎಲ್ಲ ಕಡೆ ಒಂದೇ ಸಮ ಮಾಸುವುದಿಲ್ಲ. ನೆತ್ತಿ ಬಿಸಿಲಿಗೆ ಬಿಳಚಿಕೊಳ್ಳುತ್ತದೆ, ಎಲಾಸ್ಟಿಕ್ ಪಟ್ಟಿಯ ಅಡಿಯಲ್ಲಿ ಬಣ್ಣ ಗಾಢವಾಗಿ ಉಳಿಯುತ್ತದೆ, ಒಳಮಡಿಕೆಗಳು ಹೊಸದರಂತೆ ಇರುತ್ತವೆ. ಅಂಚಿನ ಮಡಿಕೆಯಲ್ಲಿ ನೂಲು ಸವೆದು ಜುಂಗು ಏಳುತ್ತದೆ, ಅದರ ಒಳಬದಿಯಲ್ಲಿ ತುಕ್ಕಿನ ಗೆರೆ ಕೂರುತ್ತದೆ. ಟೀ ನೀರಿನಲ್ಲಿ ಅದ್ದಿ ಹಳತು ಮಾಡಿದ್ದರಲ್ಲಿ ಒಳಮಡಿಕೆಯೂ ಅದೇ ಕಂದು, ಮುದ್ರೆಯ ಸುತ್ತಲೂ ಅದೇ ಕಂದು, ಹೊಲಿಗೆಯ ಸಂದಿಯಲ್ಲೂ ಅದೇ ಕಂದು. ಉಪ್ಪುಕಾಗದ ಉಜ್ಜಿ ಸವೆಸಿದ್ದರೆ ತಾಗಲು ಆಗದ ಜಾಗದಲ್ಲೂ ಜುಂಗು ಎದ್ದಿರುತ್ತದೆ. ಕೊನೆಗೆ ಕವರ್ ಬಿಚ್ಚಿ, ಅದರ ತುಕ್ಕಿನ ಗೆರೆಗಳನ್ನು ಶೆಲ್ಲಿನ ತುಕ್ಕಿನ ಮೇಲೆ ಇಟ್ಟು ತಾಳೆ ನೋಡಿ. ಬಟ್ಟೆಯ ಕಲೆ ಇದ್ದ ಜಾಗದಲ್ಲೇ ಉಕ್ಕಿನ ಬಣ್ಣ ಉದುರಿದ್ದರೆ ಎರಡೂ ಬಹುಕಾಲ ಒಟ್ಟಿಗಿದ್ದವು. ಬಟ್ಟೆಯಲ್ಲಿ ದಟ್ಟ ತುಕ್ಕು, ಶೆಲ್ಲಿನ ಅಂಚು ನುಣುಪು ಎಂದಾದರೆ ಯಾರೋ ನಿನ್ನೆ ಮೊನ್ನೆ ಜೋಡಿಸಿದ್ದು. ಎಂಥ ಪ್ರಮಾಣಪತ್ರಕ್ಕಿಂತಲೂ ಈ ತಾಳೆಗೆ ಹೆಚ್ಚು ಬೆಲೆ.

ಕವರ್ ಮೇಲಿನ ಬರಹಗಳಿಗೆ, ಅಂದರೆ ಹೆಸರು, ತಿಂಗಳೆಣಿಕೆ, ಶಾಂತಿಯ ಗುರುತು, ಊರಿನ ಹೆಸರು ಇಂಥವಕ್ಕೆ, ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಸೈನಿಕರು ಬರೆದದ್ದು ನಿಜ, ಅದಕ್ಕೇ ನಕಲಿ ಮಾಡುವವರೂ ಬರೆಯುತ್ತಾರೆ. ಭೂತಗನ್ನಡಿಯಲ್ಲಿ ನೋಡಿದಾಗ ಶಾಯಿಯು ತುಂಡಾದ ನೂಲಿನ ತುದಿಗೂ, ಸವೆದ ಜುಂಗಿಗೂ, ಕೊಳೆಯ ಮೇಲಕ್ಕೂ ಹತ್ತಿದ್ದರೆ ಸವೆದ ಮೇಲೆ ಬರೆದದ್ದು. ಬರಹ ಎಲಾಸ್ಟಿಕ್ ಪಟ್ಟಿಯ ಅಡಿಗೂ ಹೋಗಿದ್ದರೆ ಅಲ್ಲಿ ಗಾಢವಾಗಿಯೂ ಹೊರಗೆ ಮಾಸಿಯೂ ಇರಬೇಕು. ಎರಡೂ ಕಡೆ ಒಂದೇ ಕಪ್ಪಾದರೆ ನಂಬಲಾಗದು. ಖಾಲಿ ಕವರ್ ಪ್ರಾಮಾಣಿಕ ಕವರ್.

ಎಲಾಸ್ಟಿಕ್ ಪಟ್ಟಿಯ ವಿಷಯ ಸಣ್ಣದು. ಹಳೆಯದರ ರಬ್ಬರ್ ಎಳೆಗಳು ಸತ್ತು ಸಡಿಲವಾಗಿರುವುದೇ ಹೆಚ್ಚು. ಎಳೆದು ನೋಡಬೇಡಿ, ಒಳಗೆ ಚುರುಚುರು ಎಂದು ಮುರಿಯುತ್ತದೆ. ಹಿಂಬದಿಯಲ್ಲಿ ಕತ್ತಲಲ್ಲಿ ಹೊಳೆಯುವ ಎರಡು ತೇಪೆಗಳಿದ್ದರೆ ವಿಯೆಟ್ನಾಂ ನಂತರದ ಪಟ್ಟಿ. ಪ್ರದರ್ಶನಕ್ಕೆ ಹೊಸ ಪಟ್ಟಿ ಹಾಕಿ, ಹಳೆಯದನ್ನು ಸಡಿಲವಾಗಿ ಸುತ್ತಿ ಬೇರೆ ಇಡಿ.

ಬಿಚ್ಚುವುದಕ್ಕೂ ತೊಡಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಪಟ್ಟಿಯನ್ನು ಮೇಲಕ್ಕೆ ಉರುಳಿಸಿ ತೆಗೆಯಿರಿ. ಹೆಲ್ಮೆಟ್ ಮಗುಚಿ ಮೆತ್ತನೆಯ ಟವೆಲ್ ಮೇಲಿಟ್ಟು, ಲೈನರ್ ಅನ್ನು ಎರಡು ಕೈಯಿಂದ ಪಕ್ಕದ ಅಂಚುಗಳಲ್ಲಿ ಹಿಡಿದು ಹಿಂದಿನಿಂದ ಮುಂದಕ್ಕೆ ಸ್ವಲ್ಪಸ್ವಲ್ಪವೇ ಅಲುಗಿಸಿ ಎತ್ತಿ. ಒಳಗಿನ ಪಟ್ಟಿ ಹಿಡಿದು ಎಳೆದರೆ ಹಳೆಯ ರಿವೆಟ್ ಕಿತ್ತುಬರುತ್ತದೆ. ಲೈನರ್ ಬಂದರೆ ಮಡಿಕೆಗಳು ತಾವೇ ಸಡಿಲವಾಗುತ್ತವೆ. ತುಕ್ಕಿಗೆ ಅಂಟಿಕೊಂಡಿದ್ದರೆ ಚೂಪಿಲ್ಲದ ಮರದ ಕಡ್ಡಿಯಿಂದ ಬಿಡಿಸಿ, ನೀರು ಮುಟ್ಟಿಸಬೇಡಿ. ತೊಡಿಸುವಾಗ ನಡುಹೊಲಿಗೆ ಹಣೆಯಿಂದ ಹಿಂದಕ್ಕೆ ನೇರ ಬರಲಿ, ಮುಂದಿನ ಮಡಿಕೆ ಮೊದಲು, ಹಿಂದಿನದು ಆಮೇಲೆ, ಪಕ್ಕದವು ಕೊನೆಗೆ. ಬೇಲ್‌ಗಳು ಒಳಗೆ ಸಿಕ್ಕಿಕೊಳ್ಳದಂತೆ ನೋಡಿಕೊಂಡು ಲೈನರ್ ಒತ್ತಿ. ಬಿಗಿಯೆನಿಸಿದರೆ ಮಡಿಕೆ ಎರಡು ಪದರವಾಗಿದೆ ಎಂದರ್ಥ, ಬಲ ಹಾಕದೆ ತೆಗೆದು ಸರಿಪಡಿಸಿ. ಕವರ್ ಹರಿಯುವುದು ಯಾವಾಗಲೂ ಈ ಹೆಜ್ಜೆಯಲ್ಲೇ.

ಕರ್ನಾಟಕದಲ್ಲಿ ಇಟ್ಟುಕೊಳ್ಳುವವರಿಗೆ ಮಳೆಗಾಲವೇ ದೊಡ್ಡ ಶತ್ರು. ಮಂಗಳೂರು, ಕಾರವಾರ, ಮಲೆನಾಡು ಕಡೆ ಆಷಾಢದಿಂದ ಭಾದ್ರಪದದವರೆಗೆ ಕವರ್ ತೊಡಿಸಿದ ಹೆಲ್ಮೆಟ್ ಗೋಡೆಯ ಮೇಲೆ ಇಡಬೇಡಿ. ಹತ್ತಿ ಬಟ್ಟೆ ತೇವ ಹೀರಿ ಉಕ್ಕಿಗೆ ಒತ್ತಿ ಹಿಡಿಯುತ್ತದೆ. ಬೆವರಿನ ಉಪ್ಪು ಉಳಿದಿದ್ದರೆ ಒಂದೇ ಮಳೆಗಾಲದಲ್ಲಿ ತುಕ್ಕು ಏಳುತ್ತದೆ, ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಕವರ್ ಬಿಚ್ಚಿ, ಒಳಗೆ ಆಮ್ಲರಹಿತ ಕಾಗದದ ಉಂಡೆ ತುಂಬಿ, ಮಡಚದೆ ಪೆಟ್ಟಿಗೆಯಲ್ಲಿಡಿ. ಮುಚ್ಚಳ ಬಿಗಿಯಾಗುವ 20-25 ಲೀಟರ್ ಪ್ಲಾಸ್ಟಿಕ್ ಡಬ್ಬಕ್ಕೆ ಅರ್ಧ ಕಿಲೋ ಸಿಲಿಕಾ ಜೆಲ್, ಜೊತೆಗೊಂದು ಸಣ್ಣ ತೇವಮಾಪಕ. ತೇವ ಶೇಕಡಾ 55 ದಾಟಿದರೆ ಜೆಲ್ ಒಣಗಿಸಿ ಮತ್ತೆ ಹಾಕಿ. ಬೂಷ್ಟು ಬಂದೇಬಿಟ್ಟಿದ್ದರೆ ಹೊರಗೆ ನೆರಳಿನಲ್ಲಿ ಒಣಗಿಸಿ, ಮೆತ್ತನೆ ಬ್ರಶ್‌ನಿಂದ ಗುಡಿಸಿ. ಬಟ್ಟೆಯನ್ನು ಬಿಸಿಲಿಗೆ ಹಾಕುವ ನಮ್ಮ ಮನೆಗಳ ಅಭ್ಯಾಸ ಇಲ್ಲಿ ಹಾನಿ: ಮಿಚೆಲ್‌ನ ಹಸಿರು ಮೊದಲು ಹೋಗುತ್ತದೆ. ನುಸಿಗುಳಿಗೆಯನ್ನು ಲೈನರ್, ರಬ್ಬರ್ ಪಟ್ಟಿಗಳ ಜೊತೆ ಇಡಬೇಡಿ. ಹುಳದ ಅನುಮಾನವಿದ್ದರೆ ಕವರನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಫ್ರೀಜರ್‌ನಲ್ಲಿ ಎರಡು ವಾರ ಇಡಿ, ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ.

ಶೆಲ್‌ಗೆ ಎಣ್ಣೆ ಬೇಡವೇ ಬೇಡ. ತರಿಯ ಸಂದಿಗಳಲ್ಲಿ ಕೂತ ಎಣ್ಣೆ ಧೂಳು ಹಿಡಿದು ಕಪ್ಪಾಗುತ್ತದೆ, ಆಮೇಲೆ ಕವರ್‌ಗೆ ಇಳಿದರೆ ಆ ಕಲೆ ಹೋಗುವುದಿಲ್ಲ. ಉಕ್ಕು ಬರಿದಾದ ಜಾಗಕ್ಕೆ ಮಾತ್ರ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಸವರಿ, ಒಣಗಿದ ಮೇಲೆ ಒರೆಸಿ, ಒಂದು ದಿನ ಬಿಟ್ಟು ಕವರ್ ತೊಡಿಸಿ.

ಅಮೆರಿಕದಲ್ಲಿರುವ ನೆಂಟರ ಕೈಯಲ್ಲಿ ತರಿಸುವುದಾದರೆ ಕೊಳ್ಳುವ ಮುಂಚೆ ಆರು ಫೋಟೋ ಕೇಳಿ: ಹೀಟ್ ಸ್ಟ್ಯಾಂಪ್, ಅಂಚಿನ ಸೇರುವೆ, ಒಂದು ಬೇಲ್, ಲೈನರಿನ ಒಳಗು, ಕವರಿನ ಮುದ್ರೆ, ಕವರಿಲ್ಲದ ಬೋಳು ಶೆಲ್. ಕೊನೆಯದನ್ನು ಕಳಿಸಲು ಒಪ್ಪದವರಿಂದ ಕೊಳ್ಳಬೇಡಿ. ಪ್ಯಾಕ್ ಮಾಡುವಾಗ ಲೈನರನ್ನು ಶೆಲ್ಲಿನಿಂದ ಬೇರೆ ಮಾಡಿಸಿ. ಒಂದರೊಳಗೊಂದು ಇಟ್ಟು ಕಳಿಸಿದರೆ ದಾರಿಯಲ್ಲಿ ಒಂದು ಪೆಟ್ಟು ಬಿದ್ದರೂ ಹಳೆಯ ಲೈನರ್ ಅಂಚಿನಲ್ಲಿ ಸೀಳುತ್ತದೆ. ಕವರನ್ನು ತಟ್ಟೆಯಂತೆ ಹರಡಿ ಎರಡು ರಟ್ಟಿನ ನಡುವೆ ಇಡಲಿ, ನಡುಹೊಲಿಗೆಯ ಮೇಲೆ ಮಡಿಕೆ ಬೀಳದಿರಲಿ.